ಮುಚ್ಚಳ ಹಾಕದವನು

ಹಯಾಚಿನೆ ಬೆಟ್ಟದ ಮೇಲಾಣೆ, ಇದು ನಡೆದದ್ದೇ. ನಾನು ಪಕ್ಕದ ಚಾಪೆಯಲ್ಲೇ ಕೂತಿದ್ದೆ. ಇದು ಸುಳ್ಳಾದರೆ ನನ್ನ ನಾಲಿಗೆಗೆ ಇನ್ನು ಸೋಬಾ ಶ್ಯಾವಿಗೆಯ ರುಚಿಯೇ ಹತ್ತದಿರಲಿ.

ಶರತ್ಕಾಲದ ಮಧ್ಯಾಹ್ನ. ನಮ್ಮ ಹನಮಾಕಿ ಊರಿನ ತೊಕಿ ಚಿಕ್ಕಮ್ಮನ ಸೋಬಾ ಅಂಗಡಿಯ ಪರದೆ ಸರಿಸಿ ಅವನು ಒಳಗೆ ಬಂದ. ಕಂಡದ್ದೇ ತಡ, ಅಂಗಡಿಯ ಹುಡುಗಿ ಶಿಹೋಳ ಕೈಯಲ್ಲಿದ್ದ ತಟ್ಟೆ ಗಡಗಡ ನಡುಗಿತು.

ಜುಂಪೇ... ದೂರದ ಕಗಾವಾದವನು. ಅಲ್ಲಿ ದಪ್ಪ ಗೋಧಿ ಶ್ಯಾವಿಗೆ, ಅದೇ ಉದೋನ್, ಮಾಡಿ ಮಾರುವವನು.

"ವಸಂತದಲ್ಲಿ ಹೇಳಿದ್ನಲ್ಲ, ಬಂದೆ. ನೀವೇ ಬಡಿಸ್ಬೇಕು."

"ನಾನು ಬಡಿಸೋದು ಬಿಟ್ಟಿದ್ದೀನಿ. ಬೇರೆಯವರನ್ನ ಕರೀತೀನಿ."

"ಬೇರೆಯವರಾದ್ರೆ ನಂಗೆ ಹಸಿವೇ ಇಲ್ಲ."

ನಮ್ಮ ಕಡೆಯ ಪದ್ಧತಿ ಇಷ್ಟೇ. ಬಟ್ಟಲಿಗೆ ಒಂದು ತುತ್ತು ಸೋಬಾ ಬೀಳುತ್ತದೆ, ಅತಿಥಿ ನುಂಗುತ್ತಾನೆ, ಮರುಕ್ಷಣ ಇನ್ನೊಂದು ಬೀಳುತ್ತದೆ. ಅತಿಥಿ ತಾನಾಗಿ ಖಾಲಿ ಬಟ್ಟಲಿಗೆ ಮುಚ್ಚಳ ಹಾಕುವ ತನಕ ಬಡಿಸುವವಳು ನಿಲ್ಲಿಸುವಂತಿಲ್ಲ. ಅವಳ ಬಾಯಿಂದ 'ಸಾಕು' ಎಂಬ ಮಾತು ಬಂದರೆ ಮನೆಗೇ ಅವಮಾನ. ಶಿಹೋಳ ಕೈಯಂತೂ ನೊಣವೂ ನುಗ್ಗಲಾರದ ಸಂದಿಯಲ್ಲಿ ಸೋಬಾ ಇಳಿಸುವಷ್ಟು ಚುರುಕು.

ಆ ಚುರುಕೇ ವಸಂತದಲ್ಲಿ ಮುಳುವಾಯಿತು. ಒಬ್ಬ ಮುದುಕರ ಗಂಟಲಿಗೆ ಸೋಬಾ ಸಿಕ್ಕಿ ಮುಖ ನೀಲಿಯಾಯಿತು. ಪಕ್ಕದಲ್ಲಿ ಕೂತಿದ್ದ ಜುಂಪೇ ಬೆನ್ನಿಗೆ ಗುದ್ದಿ ಉಳಿಸಿದ. ಅಡುಗೆಮನೆಯ ಹಿಂದೆ ಅಳುತ್ತಿದ್ದ ಶಿಹೋಳ ಅಂಗೈಯಲ್ಲಿ ತನ್ನೂರಿನ ಸಣ್ಣ ಸಕ್ಕರೆ ಮಿಠಾಯಿ ಇಟ್ಟು, ಮತ್ತೆ ಬರ್ತೀನಿ ಅಂದು ಹೋದ. ಅದು ಅವಳ ಬಾಯಲ್ಲಿ ಹಿಮದ ಹಾಗೆ ಕರಗಿತ್ತು. ಆಮೇಲೆ ಊರಿಂದಲೂ ಕಳಿಸುತ್ತಲೇ ಇದ್ದ. ಅವಳು ಒಮ್ಮೆಯೂ ಉತ್ತರ ಕೊಡಲಿಲ್ಲ.

'ಜೀವ ತೆಗೆಯಹೊರಟ ಕೈ ಇದು... ಇದನ್ನು ಯಾರು ಹಿಡಿದಾರು?'

"ಹಾಕೇ," ಈಗ ತೊಕಿ ಚಿಕ್ಕಮ್ಮ ಗದರಿದರು. "ಅವನು ಹಸಿದು ಕೂತಿದ್ದಾನೆ, ನೀನು ದೆವ್ವ ಕಂಡೋಳ ಹಾಗೆ ನಿಂತಿದ್ದೀಯ."

ಶಿಹೋ ಬಡಿಸಿದಳು. ಜುಂಪೇ ನುಂಗಿದ. ಉದೋನ್ ಊರಿನವರು ಅಗಿಯುವುದೇ ಇಲ್ಲವಲ್ಲ!

ಖಾಲಿ ಬಟ್ಟಲುಗಳ ರಾಶಿ ಅವನ ಭುಜ ದಾಟಿತು, ತಲೆ ದಾಟಿತು. ಮನೆಯ ಬಟ್ಟಲು ಮುಗಿದು ಪಕ್ಕದ ಅಂಗಡಿಯಿಂದ ತಂದರು. ತೊಲೆಯ ಮೇಲೆ ಮಲಗಿದ್ದ ಬೆಕ್ಕು ಕತ್ತು ಚಾಚಿ ಮೇಲಿನ ಬಟ್ಟಲು ನೆಕ್ಕಿ ಮತ್ತೆ ಮಲಗಿತು. ಕಣ್ಣಾರೆ ಕಂಡೆ.

ಶಿಹೋ ಮಾತ್ರ ಅವನ ಗಂಟಲನ್ನೇ ನೋಡುತ್ತಿದ್ದಳು. ಇಳಿಯಿತಾ... ಇಳಿಯಿತು. ಇದು? ಇದೂ ಇಳಿಯಿತು...

ಅವನ ಹಣೆ ಬೆವರಿತು. ತುಟಿ ಬಿಳುಚಿತು.

'ಅದೇ ಬಣ್ಣ... ಆ ಮುದುಕರಿಗೂ ಮೊದಲು ಹೀಗೇ...'

"ಮುಚ್ಚಳ ಹಾಕ್ಬಿಡಿ," ಪಿಸುಗುಟ್ಟಿದಳು. "ನಾನು ಕೈ ನಿಧಾನ ಮಾಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಆಗಲ್ಲ."

"ಯಾಕೆ ಆಗಲ್ಲ? ಸಾಯೋಕೆ ಅಂತ ಅಷ್ಟು ದೂರದಿಂದ ಬಂದ್ರಾ?"

"ಹಾಕಿ, ಶಿಹೋ ಅವರೇ."

ಮನೆಯ ಮರ್ಯಾದೆ ಅವಳ ಬಾಯಿ ಕಟ್ಟಿತ್ತು. ಹಾಕಿದಳು.

ಅವನು ಒಮ್ಮೆ ಕೆಮ್ಮಿದ. ಆಮೇಲೆ ಸದ್ದೇ ಇಲ್ಲ. ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿತು.

ತಟ್ಟೆ ಬಿಸಾಡಿ ಹಾರಿದಳು ಶಿಹೋ. ಅವನು ಅಂದು ಗುದ್ದಿದ ಹಾಗೆಯೇ ಬೆನ್ನಿಗೆ ಗುದ್ದಿದಳು. 'ಉಸಿರಾಡು... ದೇವರೇ, ಇವನೊಬ್ಬ ಉಸಿರಾಡಲಿ...' ಬಟ್ಟಲ ರಾಶಿ ಧಡಧಡ ಉರುಳಿತು. ಕೊನೆಗೊಮ್ಮೆ ತುತ್ತು ಹೊರಬಿತ್ತು. ಉಸಿರು ಬಂತು.

ಉಸಿರು ಬಂದವನು ಏನು ಮಾಡಿದ ಗೊತ್ತೇ? ಮತ್ತೆ ಬಟ್ಟಲು ಚಾಚಿದ.

ಶಿಹೋ ಮುಚ್ಚಳ ಕಿತ್ತುಕೊಂಡು ಬಟ್ಟಲಿಗೆ ಹಾಕಿ, ಎರಡೂ ಅಂಗೈಯಿಂದ ಒತ್ತಿ ಹಿಡಿದಳು.

"ಸಾಕು."

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಜುಂಪೇಯ ಮುಖ ಬಾಡಿತು.

"ನೀವೇ ಮುಚ್ಚಿದ್ರಾ... ಅಂದ್ರೆ ನಾನು ಬೇಡ."

"ಏನಂದ್ರಿ?"

"ಚಿಕ್ಕಮ್ಮ ಹೇಳಿದ್ರು, ಶಿಹೋ ಬಡಿಸೋವಾಗ ಮುಚ್ಚಳ ಹಾಕಿದ್ರೆ ಅವಳನ್ನೇ ಬೇಡ ಅಂದ ಹಾಗೆ ಅಂತ. ನಮ್ಮೂರಲ್ಲಿ ಉದೋನ್ ಬಟ್ಟಲಿಗೆ ಮುಚ್ಚಳನೇ ಇರಲ್ಲ. ನಂಗೇನು ಗೊತ್ತು? ನಿಮ್ಮನ್ನ ಬೇಡ ಅನ್ನೋಕೆ... ನನ್ನಿಂದ ಆಗಲಿಲ್ಲ."

ತೊಕಿ ಚಿಕ್ಕಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ಪೆದ್ದಪ್ಪ, ಎರಡು ಬಟ್ಟಲು ಜಾಸ್ತಿ ತಿನ್ಲಿ ಅಂತ ಬರೋ ಹುಡುಗ್ರಿಗೆಲ್ಲ ಹಾಗೇ ಹೇಳ್ತೀನಿ. ನಂಬಿದೋನು ನೀನೊಬ್ಬನೇ ಕಣೋ."

ಶಿಹೋಳ ಕಣ್ಣೀರು ಮುಚ್ಚಳದ ಮೇಲೆ ಟಪಟಪ ಬಿತ್ತು.

"ನಮ್ಮನೇಲಿ ಅತಿಥಿಗೆ ಸಾಕು ಅನ್ನೋ ಹಾಗಿಲ್ಲ," ಅಂದಳು.

"ನಂಗೆ ಅಂದ್ರಲ್ಲ?"

"ಮನೆಯವರಿಗೆ ಅನ್ನಬಹುದು."

ಅವನಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಹೊಟ್ಟೆ ಅಷ್ಟು ತುಂಬಿದ್ದರೆ ಯಾರಿಗೂ ಹಾಗೇ. ಆಮೇಲೆ ಮೆಲ್ಲಗೆ ಅವಳ ಕೈಯ ಮೇಲೆ ತನ್ನ ಕೈ ಇಟ್ಟ.

"ಇನ್ನೂ ನಡುಗ್ತಿದೆ."

"ಹೆದರಿಕೆ ಹೋಗಿಲ್ಲ."

"ನಂಗೂ ಹೋಗಿಲ್ಲ. ಮತ್ತೆ ತಿನ್ನಿಸ್ತೀರೇನೋ ಅಂತ."

ಅವಳು ಅಳುತ್ತಲೇ ನಕ್ಕಳು. "ಸಂಜೆಗೆ ಬರೀ ಗಂಜಿ. ನಂಚಿಕೊಳ್ಳೋಕೆ ಉಪ್ಪು ಹಾಕಿದ ಹುಳಿ ಉಮೆಕಾಯಿ. ಅಷ್ಟೇ."

"ಆ ಬಟ್ಟಲಿಗೆ ಮುಚ್ಚಳ?"

"ನಾನೇ ಹಾಕ್ತೀನಿ. ಎಷ್ಟು ಸಾಕು ಅಂತ ಇನ್ನು ಮೇಲೆ ನಾನೇ ಹೇಳೋದು."

ಅವರ ಮದುವೆಯ ಊಟದಲ್ಲಿ ಸೋಬಾ ಹೆಚ್ಚೋ ಉದೋನ್ ಹೆಚ್ಚೋ ಎಂದು ಎರಡೂರಿನವರು ಹೊಡೆದಾಡಿದ್ದು ಇದಕ್ಕಿಂತ ದೊಡ್ಡ ಕಥೆ. ಆದರೆ ಇಷ್ಟು ಹೇಳುವಷ್ಟರಲ್ಲೇ ನನ್ನ ಬಟ್ಟಲು ಖಾಲಿಯಾಗಿದೆ. ನೋಡಿ, ನಾನು ಇನ್ನೂ ಮುಚ್ಚಳ ಹಾಕಿಲ್ಲ. ಸುಮ್ಮನೆ ಕೂತರೆ ಹೇಗೆ, ಬಡಿಸಿ.