ಭಟ್ಟಿಯಿಂದ ಮಾಯವಾದ ರಾಕ್ಷಸ

ಮಡಕೆ ಸುಡುವ ಭಟ್ಟಿಯ ಬಾಗಿಲಿಗೆ ಅಡ್ಡವಿಟ್ಟಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದ ಅಮ್ಮ ಒಳಗೆ ಇಣುಕಿ ಅಲ್ಲೇ ನಿಂತುಬಿಟ್ಟಳು. ಹೋಟೆಲಿಗೆಂದು ಮಾಡಿದ್ದ ಮಣ್ಣಿನ ಕಪ್ಪುಗಳಲ್ಲಿ ಮೇಲಿನ ಸಾಲಿನವೆಲ್ಲ ಚೂರುಚೂರು.

ಅಣ್ಣನ ಮುಖ ಬಿಳುಚಿಕೊಂಡಿತು. ಅವನು ಒಬ್ಬನೇ ನಿಂತು ಸುಟ್ಟ ಮೊದಲ ಭಟ್ಟಿ ಅದು. ಇದೊಂದು ಚೆನ್ನಾಗಿ ಬರಲಿ, ಇನ್ನುಮುಂದೆ ಬೆಂಕಿಯ ಕೆಲಸವೆಲ್ಲ ನಿನ್ನದೇ ಎಂದು ಅಮ್ಮ ಮಾತು ಕೊಟ್ಟಿದ್ದಳು.

ಅಮ್ಮನ ಬೆನ್ನ ಹಿಂದಿನಿಂದ ಕಡ್ಡಿಯೂ ಇಣುಕಿದಳು. ಸಣಕಲಿಯಾದ್ದರಿಂದ ಮನೆಯಲ್ಲಿ ಅವಳಿಗೆ ಅದೇ ಹೆಸರು. ಅವಳ ಕಣ್ಣು ಹುಡುಕಿದ್ದು ಕಪ್ಪುಗಳನ್ನಲ್ಲ, ತನ್ನ ಬೆಂಕಿ ರಾಕ್ಷಸನನ್ನು.

ಸ್ಕೂಲಿನಲ್ಲಿ ಮಿಸ್ ಬೆಂಕಿ ರಾಕ್ಷಸರ ಕತೆ ಹೇಳಿದ್ದರು. ಅವರು ಬೆಟ್ಟದ ಹೊಟ್ಟೆಯಲ್ಲಿ ಹುಟ್ಟಿ, ಕೆಂಡವನ್ನು ಕಡಲೆಯ ಹಾಗೆ ಕುರುಕುವವರಂತೆ. ಎಕ್ಸಿಬಿಷನ್‌ಗೆಂದು ಕಡ್ಡಿ ಅಂಥವನೊಬ್ಬನನ್ನು ಜೇಡಿಮಣ್ಣಿನಲ್ಲಿ ಮಾಡಿದ್ದಳು. ತಲೆಗೆ ಎರಡು ಕೋಡು, ಗುಡಾಣದಂಥ ಹೊಟ್ಟೆ. ಅಣ್ಣ ದೂರದಿಂದಲೇ ನೋಡಿ, ಗಡಿಗೆಗೂ ಕೋಡು ಬಂತಾ ಎಂದು ನಕ್ಕಿದ್ದ. ಅಮ್ಮನ ಕಣ್ಣಿಗೆ ಬಿದ್ದರೆ ತಿದ್ದಿ ತೀಡಿ ಬೇರೆಯದೇ ಮಾಡಿಬಿಡುತ್ತಾಳೆಂದು ಕಡ್ಡಿ ಅವನನ್ನು ಗುಟ್ಟಾಗಿ ಭಟ್ಟಿಯೊಳಗೆ ಕಪ್ಪುಗಳ ನಡುವೆ ಕೂರಿಸಿದ್ದಳು.

ಈಗ ಆ ಜಾಗದಲ್ಲಿ ರಾಕ್ಷಸನಿಲ್ಲ.

ಮಣ್ಣಿನ ರಾಕ್ಷಸ ಎದ್ದು ನಡೆದು ಹೋಗುವುದಿಲ್ಲ. ಯಾರೋ ತೆಗೆದಿದ್ದಾರೆ. ತೆಗೆಯಬೇಕಾದರೆ ಬಾಗಿಲು ಬಿಚ್ಚಬೇಕು. ಆರುವ ಮೊದಲೇ ಬಿಚ್ಚಿದರೆ ತಣ್ಣನೆಯ ಗಾಳಿ ಹೊಡೆದು ಸಾಮಾನು ಒಡೆಯುತ್ತದೆ, ಅದು ಅವರ ಮನೆಯ ಬೆಕ್ಕಿಗೂ ಗೊತ್ತು. ಭಟ್ಟಿಯ ಹತ್ತಿರ ಇದ್ದವನು ಯಾರು?

ಅಣ್ಣ ಸುಮ್ಮಸುಮ್ಮನೆ ಕತ್ತು ಒರೆಸಿಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೇ ಕಂಡಿತು ಕಡ್ಡಿಗೆ.

"ಅಣ್ಣ ಮಧ್ಯದಲ್ಲಿ ಬಾಗಿಲು ತೆಗ್ದಿದಾನಮ್ಮ," ಎಂದಳು. "ನಂಗೊತ್ತು."

"ಇಲ್ಲಮ್ಮ. ನಾನು ಮುಟ್ಟೇ ಇಲ್ಲ."

"ಮತ್ತೆ ಕಪ್ಪು ತಮ್ಮಷ್ಟಕ್ಕೆ ತಾವೇ ಒಡ್ಕೊಂಡ್ವಾ?" ಎಂದಳು ಅಮ್ಮ. ಮುಂದಿನ ಭಟ್ಟಿಗೆ ತಾನೇ ನಿಲ್ಲುವುದಾಗಿಯೂ ಹೇಳಿದಳು. ಅಣ್ಣ ಕಡ್ಡಿಯ ಕಡೆ ಒಮ್ಮೆ ನೋಡಿ ಹಿತ್ತಿಲಿಗೆ ಹೋದ.

ಚೂರು ಬಾಚುವ ಕೆಲಸ ಕಡ್ಡಿಗೆ ಬಂತು. ಕೆಳಗಿನ ಸಾಲಿನಲ್ಲಿ ಗಟ್ಟಿಯಾಗಿ ಉಳಿದಿದ್ದ ಕಪ್ಪೊಂದನ್ನು ಎತ್ತಿದರೆ ಒಳಗೆ ಏನೋ ಲೊಟಲೊಟ ಎಂದಿತು. ಬಗ್ಗಿಸಿದಳು. ಅಂಗೈಗೆ ಒಂದು ಕೋಡು ಬಿತ್ತು.

ಅವಳು ಚೂರುಗಳನ್ನು ಕೆದಕಿದಳು. ಒಂದು ಕಿವಿ ಸಿಕ್ಕಿತು. ಅರ್ಧ ಪಾದ. ಆಮೇಲೆ ಇಟ್ಟಿಗೆಯಷ್ಟು ದಪ್ಪನೆಯ ಹೊಟ್ಟೆಯ ತುಂಡುಗಳು.

ದಪ್ಪ ಗೊಂಬೆಯ ಒಳಗನ್ನು ಕೊರೆದು ಟೊಳ್ಳು ಮಾಡಬೇಕು, ಇಲ್ಲದಿದ್ದರೆ ಒಳಗುಳಿದ ಪಸೆ ಕಾದು ಹಬೆಯಾಗಿ ಗೊಂಬೆ ಸಿಡಿಯುತ್ತದೆ ಎಂದು ಅಮ್ಮ ಹೇಳುತ್ತಲೇ ಇರುತ್ತಾಳೆ. ಆದರೆ ಕೆಂಡ ತಿಂದು ಕೊಬ್ಬಿದವನ ಹೊಟ್ಟೆ ಟೊಳ್ಳಾದರೆ ಹೇಗೆ? ಕಡ್ಡಿ ಮಣ್ಣನ್ನು ಗಿಡಿದು ತುಂಬಿದ್ದಳು. ಒಡೆದ ಕಪ್ಪುಗಳೆಲ್ಲ ಅವನ ಸುತ್ತಮುತ್ತಲಿನವೇ.

ಚೂರಿನ ಬುಟ್ಟಿ ಕಾಲ ಬಳಿಯೇ ಇತ್ತು. ಅದರಲ್ಲಿ ಹಾಕಿ ಕಲೆಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಿತ್ತಿಲಿನಿಂದ ಕೊಡಲಿಯ ಸದ್ದು ಬರುತ್ತಿತ್ತು. ತಾನು ಹಚ್ಚಲಾಗದ ಭಟ್ಟಿಗೆ ಅಣ್ಣ ಸೌದೆ ಸೀಳುತ್ತಿದ್ದ.

ಕಡ್ಡಿ ತುಂಡುಗಳನ್ನು ಫ್ರಾಕಿನ ಮಡಿಲಿಗೆ ತುಂಬಿಕೊಂಡು ಅಮ್ಮನ ಮುಂದೆ ನಿಂತಳು. ಅಮ್ಮ ತಿರುಗುತ್ತಿದ್ದ ಚಕ್ರವನ್ನು ನಿಲ್ಲಿಸಿ ಒಂದು ತುಂಡನ್ನು ಎತ್ತಿ ನೋಡಿದಳು. ಬೈಯಲಿಲ್ಲ.

"ಅವನಿಗೆ ಹೇಳಿದ್ಯಾ?" ಎಂದಷ್ಟೇ ಕೇಳಿದಳು.

ಇಲ್ಲವೆಂದು ತಲೆಯಾಡಿಸಿ ಕಡ್ಡಿ ಹಿತ್ತಿಲಿಗೆ ಹೋದಳು. ಅಣ್ಣ ತಿರುಗಿ ನೋಡಲಿಲ್ಲ. ಎಲ್ಲಿಂದ ಶುರು ಮಾಡುವುದೋ ಅವಳಿಗೆ ತಿಳಿಯಲಿಲ್ಲ.

"ಭಟ್ಟೀಲಿ ಇಟ್ಟಿದ್ದ ನನ್ನ ರಾಕ್ಷಸನ ಹೊಟ್ಟೆ ಗಟ್ಟಿ ಇತ್ತು ಕಣೋ," ಎಂದಳು.

ಮೇಲೆತ್ತಿದ ಕೊಡಲಿ ಹಾಗೇ ನಿಂತಿತು. ಅವನು ತಿರುಗುವ ತನಕ ಅವಳು ಅಲ್ಲಿಂದ ಕದಲಲಿಲ್ಲ.