ಸಾಲಿಗೆ ಹೊಂದಿದ ಹಸಿರು ಫ್ಯೂಸು

ವ್ಯಾನು ಕೆಟ್ಟು ನಿಲ್ಲುವುದಕ್ಕೆ ಆ ಊರಿನಲ್ಲಿ ಲಕ್ಷ ಜಾಗಗಳಿದ್ದವು. ಹೋಗಿ ಹೋಗಿ ಅದು ನಿಂತದ್ದು, ದರ್ಜಿಯ ಕಿರಿ ಮಗಳು ಒಂದು ವರ್ಷದಿಂದ ಮುಖ ತಿರುಗಿಸಿಕೊಂಡು ದಾಟುತ್ತಿದ್ದ ಗ್ಯಾರೇಜಿನ ಎದುರಿಗೇ!

ಹಿಂದಿನ ಸೀಟಿನಲ್ಲಿ ತುಂಬು ಗರ್ಭಿಣಿ ಅಕ್ಕ. ಐದು ನಿಮಿಷಕ್ಕೊಮ್ಮೆ ನೋವು. ಅವಳು ಹಲ್ಲು ಕಚ್ಚಿದ ಸದ್ದಿಗೆ ಮೂರು ಬೀದಿಯ ನಾಯಿಗಳು ಎದ್ದು ಕೂತವು ಎಂದರೆ ನೀವು ನಂಬಲೇಬೇಕು. ಪಕ್ಕದಲ್ಲಿ ಅಪ್ಪ, ಕೊರಳಲ್ಲಿ ಅಳತೆಯ ಟೇಪು. ಆಸ್ಪತ್ರೆ ಇನ್ನೂ ಹನ್ನೆರಡು ಕಿಲೋಮೀಟರ್; ಆಂಬುಲೆನ್ಸಿನವರು ಮುಕ್ಕಾಲು ಗಂಟೆ ಎಂದಿದ್ದರು.

ಕಿರಿಯವಳು ಕೀಲಿ ತಿರುಗಿಸಿದಳು. ತಿರುಗಿಸಿದಳು... ವ್ಯಾನು ಜಪ್ಪಯ್ಯ ಎನ್ನಲಿಲ್ಲ.

ಗ್ಯಾರೇಜಿನಿಂದ ವೈರಿಂಗ್ ಕೆಲಸದವನು ಹೊರಗೆ ಬಂದ. ಕಳೆದ ವರ್ಷದವರೆಗೂ ಅವಳ ಹಗಲುಗನಸುಗಳ ಏಕೈಕ ಮಾಲೀಕ! ಅವನು ವ್ಯಾನಿಗೆ ರೇಡಿಯೊ ಕೂರಿಸಿದ ವಾರಕ್ಕೇ ತಂತಿ ಸುಟ್ಟು ಹೊಗೆ ಎದ್ದಿತ್ತು. ನಮ್ಮನ್ನೆಲ್ಲ ಸುಡಲಿಕ್ಕೆ ಹೊರಟಿದ್ದೆಯಾ ಎಂದು ಅವಳು ಹತ್ತು ಜನರೆದುರು ಬೈದಿದ್ದಳು. ಒಂದೇ ಒಂದು ಸಲ ಫ್ಯೂಸ್ ಪೆಟ್ಟಿಗೆ ತೆಗೆದು ನೋಡುತ್ತೇನೆ ಎಂದು ಅವನು ಬೇಡಿದ್ದ. ವ್ಯಾನು ಮುಟ್ಟಬೇಡ ಎಂದು ಬಂದವಳು ಮತ್ತೆ ಮಾತಾಡಿರಲಿಲ್ಲ. ತಂತಿಯನ್ನು ಬೇರೆಯವರಿಂದ ಬದಲಾಯಿಸಿದ್ದಳು.

"ಸ್ವಲ್ಪ ನೋಡ್ತೀರಾ?" ಎಂದಳು ಅವಳು, ವ್ಯಾನಿನಿಂದ ಇಳಿದು.

"ಮುಟ್ಟಬಹುದಾ?"

ಅವಳು ತಲೆ ತಗ್ಗಿಸಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅವನು ಪೆಟ್ಟಿಗೆಯ ಮುಚ್ಚಳ ತೆಗೆದು, ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನ ನೀಲಿ ಫ್ಯೂಸನ್ನು ಕಿತ್ತು ಬೆಳಕಿಗೆ ಹಿಡಿದ. ಒಳಗಿನ ಎಳೆ ತುಂಡಾಗಿತ್ತು. ಅಂಗಡಿಯಲ್ಲಿ ಉಳಿದಿದ್ದ ಒಂದೇ ಒಂದು ನೀಲಿಯನ್ನು ತಂದು ಹಾಕಿದ. ಅವಳು ಕೀಲಿ ತಿರುಗಿಸಿದಳು. ಟಿಕ್... ಅದೂ ಸುಟ್ಟಿತು.

ತಂತಿ ಎಲ್ಲೋ ಕಬ್ಬಿಣಕ್ಕೆ ತಾಗುತ್ತಿದೆ ಎಂದವನೇ ಟಾರ್ಚು ಹಿಡಿದು ಹಿಂದಿನ ಸೀಟಿನ ಕೆಳಗೆ ನುಗ್ಗಿದ. ಅಕ್ಕನ ನೋವು ಈಗ ಮೂರು ನಿಮಿಷಕ್ಕೊಮ್ಮೆ! ಹರಿದ ಸೀಟಿನ ಕವರಿಗೆ ಅಪ್ಪ ನಿನ್ನೆ ಹೊಲಿಯಲು ಚುಚ್ಚಿ ಅಲ್ಲೇ ಮರೆತಿದ್ದ ಉದ್ದದ ಸೂಜಿ ಪಂಪಿನ ತಂತಿಯನ್ನು ತೂರಿ ಸೀಟಿನ ಕಬ್ಬಿಣ ಮುಟ್ಟಿತ್ತು. ಕಿತ್ತ. ತಂತಿಗೆ ಇನ್ಸುಲೇಷನ್ ಟೇಪು ಸುತ್ತಿದ. ಮತ್ತೆ ಪೆಟ್ಟಿಗೆಗೆ ಬಗ್ಗಿದವನು ಹಾಗೇ ನಿಂತ.

"ರೇಡಿಯೊಗೂ ಚಾರ್ಜರ್ ಸಾಕೆಟ್ಟಿಗೂ ಸೇರಿದ ಈ ಜಾಗದಲ್ಲಿ ಹದಿನೈದು ಆಂಪಿಯರ್‌ನ ನೀಲಿ ಇರ್ಬೇಕು. ಮೂವತ್ತರ ಹಸಿರು ಯಾರು ಹಾಕಿದ್ದು?"

"ನಾನೇ ಕಣಪ್ಪಾ, ಹೋದ ವರ್ಷ, ನೀನು ರೇಡಿಯೊ ಕೂರಿಸಿದ ಮೇಲೆ," ಎಂದರು ಅಪ್ಪ. "ಆ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದ್ದಕ್ಕೆ ನೀಲಿ ಸುಟ್ಟಿತ್ತು. ಆ ಕಡೆ ಈ ಕಡೆ ಎರಡೂ ಹಸಿರು. ಮಧ್ಯೆ ನೀಲಿ ಹಾಕಿದ್ರೆ ತೇಪೆ ಹಾಕ್ದಂಗೆ ಕಾಣಲ್ವಾ? ಸಾಲಿಗೆ ಹೊಂದ್ಲಿ ಅಂತ..."

ದೊಡ್ಡ ಫ್ಯೂಸು ಹಾಕಿದರೆ ಫ್ಯೂಸು ಬದುಕುತ್ತದೆ, ತಂತಿ ಸುಡುತ್ತದೆ. ಇಷ್ಟು ಅವಳಿಗೂ ಗೊತ್ತಿತ್ತು. ಹಾಗಾದರೆ ಅವತ್ತು ರೇಡಿಯೊದ ತಂತಿ ಸುಟ್ಟದ್ದು ಈ ಹಸಿರಿನಿಂದ!

ಇವನಲ್ಲ... ಒಂದು ವರ್ಷ... ಇವನಲ್ಲವೇ ಅಲ್ಲ!

ಹೊತ್ತಾಗುತ್ತಿದೆ, ಪಂಪಿಗೂ ಹಸಿರನ್ನೇ ಹಾಕಿಬಿಡು ಎಂದು ಅಪ್ಪ ಅವಸರಿಸಿದರು. ಅವನು ಕೇಳಲಿಲ್ಲ. ಓಡಿಹೋಗಿ ತನ್ನ ಬೈಕಿನ ನೀಲಿ ಫ್ಯೂಸನ್ನೇ ಕಿತ್ತು ತಂದು ಒತ್ತಿದ. ವ್ಯಾನು ಗುಡುಗಿತು.

"ನಾನು..." ಎಂದಳು.

"ಮೊದಲು ಅಕ್ಕ. ಹೊರಡು."

ಮರುದಿನ ಬೆಳಿಗ್ಗೆ ಅವಳು ಬಂದಾಗ ಬೈಕು ಹಾಗೆಯೇ ನಿಂತಿತ್ತು. ಅಂಗೈಯಲ್ಲಿ ಹೊಸ ನೀಲಿ ಫ್ಯೂಸು. ಅಪ್ಪ ಅದನ್ನು ರೇಷ್ಮೆ ತುಂಡಿನಲ್ಲಿ ಸುತ್ತಿಕೊಟ್ಟಿದ್ದರು. ಎದುರಿನ ಚಹಾ ಅಂಗಡಿಯವರೆಲ್ಲ ಇತ್ತಲೇ ನೋಡುತ್ತಿದ್ದರು. ನೋಡಲಿ.

"ಹೆಣ್ಣು ಮಗು. ಒಳಗೆ ಹೋದ ಹತ್ತೇ ನಿಮಿಷಕ್ಕೆ," ಎಂದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಅವತ್ತು ಹತ್ತು ಜನರೆದುರು ಬೈದೆ. ಇವತ್ತೂ ಅವರೆದುರೇ ಹೇಳ್ತೀನಿ. ತಪ್ಪು ನಂದು."

ಅವನು ಫ್ಯೂಸನ್ನು ಬೈಕಿಗೆ ಸಿಕ್ಕಿಸಿದ. ಅವಳ ದನಿ ಇಳಿಯಿತು.

"ಒಂದು ವರ್ಷ ಮುಖ ತಿರುಗಿಸ್ಕೊಂಡು ಇಲ್ಲೇ ಓಡಾಡ್ದೆ. ಬೇರೆ ದಾರಿ ಇತ್ತು ಕಣೋ... ಒಂದು ದಿನವೂ ಅದ್ರಲ್ಲಿ ಹೋಗ್ಲಿಲ್ಲ."

"ಗೊತ್ತು. ದಿನಾ ಎಂಟೂಹತ್ತಕ್ಕೆ. ಅದಕ್ಕೇ ಎಂಟಕ್ಕೆ ಬಾಗಿಲು ತೆಗೀತಿದ್ದೆ."

"ಇಲ್ದಿದ್ರೆ ಎಷ್ಟೊತ್ತಿಗೆ ತೆಗೀತಿದ್ದೆ?"

"ಹತ್ತು ಗಂಟೆಗೆ," ಎಂದು ಅವನು ನಕ್ಕ.