ಮಂಜಿನ ಮೇಲೆ ಮೂರು ಬೆರಳು

ಆಸ್ಪತ್ರೆ ಲ್ಯಾಬಿನ ತಂತ್ರಜ್ಞೆ ಫ್ರೀಜರಿನ ಪೆಟ್ಟಿಗೆ ತೆರೆದು ಡಿಎನ್‌ಎ ಟ್ಯೂಬುಗಳನ್ನು ಎಣಿಸಿದಳು. ರೋಗಿ ಹುಡುಗಿಯ ಟ್ಯೂಬು ಇದೆ. ಪಕ್ಕದ ಗುಳಿ ಖಾಲಿ—ಅವಳ ಅಣ್ಣನದು ಇಲ್ಲ!

ಅಣ್ಣ ಮೂತ್ರಪಿಂಡ ಕೈಕೊಟ್ಟು ತೀರಿಕೊಂಡು ಎರಡು ವರ್ಷ. ಈಗ ಒಂಬತ್ತು ವರ್ಷದ ತಂಗಿಗೆ ನೋಟ ಅಂಚಿನಿಂದ ಒಳಕ್ಕೆ ಕತ್ತಲಾಗುತ್ತಿದೆ. ಎರಡಕ್ಕೂ ಮೂಲ ಒಂದೇ. ಜೀವಕೋಶಗಳಿಗೆ ಕೂದಲೆಳೆಯಂಥ ಸಿಲಿಯಾ ಇರುತ್ತವಲ್ಲ, ಈ ಮಕ್ಕಳಲ್ಲಿ ಅವು ಹುಟ್ಟಿನಿಂದಲೇ ಸರಿಯಿಲ್ಲ. ಕೆಟ್ಟ ಜೀನ್ ಯಾವುದು? ಅನುಮಾನ ಎರಡರ ಮೇಲಿತ್ತು. ಅಣ್ಣನ ಡಿಎನ್‌ಎ ಜೊತೆ ಹೋಲಿಸಿದರಷ್ಟೇ ಇತ್ಯರ್ಥ. ಉಳಿದಿದ್ದದ್ದು ಅದೊಂದೇ ಹನಿ. ಜೀನ್ ಯಾವುದೆಂದು ತಿಳಿಸಿ ಹೊಸ ಚಿಕಿತ್ಸೆಗೆ ಹೆಸರು ಬರೆಸುವ ಪಟ್ಟಿ ನಾಳೆ ಸಂಜೆ ಮುಚ್ಚುತ್ತದೆ; ಆಮೇಲೆ ಎಷ್ಟು ಬಡಕೊಂಡರೂ ಅಷ್ಟೇ.

ಆಸ್ಪತ್ರೆಯ ಭದ್ರತಾ ಅಧಿಕಾರಿ ಬಂದರು. ನಿವೃತ್ತ ಇನ್‌ಸ್ಪೆಕ್ಟರ್, ಎಲ್ಲರ ಬಾಯಲ್ಲಿ ‘ದುರ್ಬೀನು’.

“ಬೆಳಿಗ್ಗೆಯಿಂದ ಒಳಗೆ ಯಾರ್ಯಾರು ಬಂದಿದ್ರಮ್ಮ?”

“ನಾನು, ಡಾಕ್ಟ್ರು. ಆಮೇಲೆ ಆ ಮಗು ತಂದೆ—ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋಕೆ. ಅಷ್ಟೇ ಸರ್.”

“ಟ್ಯೂಬಿನ ಮೇಲೆ ಹೆಸರಿತ್ತಾ?”

“ಇಲ್ಲ, ಬರೀ ನಂಬರು.”

“ಹಾಗಾದ್ರೆ ಒಳಗಿನವರದೇ ಕೈವಾಡ,” ಅಲ್ಲೇ ನಿಂತಿದ್ದ ಡಾಕ್ಟರು ಅವಳನ್ನೇ ದುರುಗುಟ್ಟಿ ನೋಡಿದರು.

ಅವಳು ರಿಜಿಸ್ಟರಿನಲ್ಲಿ ನಂಬರನ್ನು ಮತ್ತೆ ನೋಡಿದಳು. ಕೆಲಸ ಹೋದರೆ ಹೋಗಲಿ, ಹಾಳಾಗಲಿ—ಆ ಮಗುವಿನ ಕಣ್ಣು?

ದುರ್ಬೀನು ಪೆಟ್ಟಿಗೆಯ ಮುಚ್ಚಳವನ್ನು ಒಂದು ನಿಮಿಷ ನೋಡಿದರು. ನಂತರ ಹೊರಗೆ ಬೆಂಚಿನ ಮೇಲೆ ಮಗಳೊಂದಿಗೆ ಕೂತಿದ್ದ ತಂದೆಯ ಬಳಿ ಹೋಗಿ ಕಾಗದ ಚಾಚಿದರು; ತಂತ್ರಜ್ಞೆ, ಡಾಕ್ಟರೂ ಹಿಂದೆಯೇ ಬಂದರು.

“ನೀವು ಏನೂ ನೋಡಿಲ್ಲ ಅಂತ ಬರೆದಿದೀನಿ. ಒಂದು ಸಹಿ ಹಾಕ್ತೀರಾ?”

ತಂದೆ ಪೆನ್ನನ್ನು ಎಡಗೈಯಲ್ಲಿ ಹಿಡಿದ. ಸಹಿ ಸೊಟ್ಟಸೊಟ್ಟಗೆ ಬಂತು.

“ಬಲಗೈ ತೋರಿಸಿ.”

ಬೆರಳ ತುದಿಗಳು ಬಿಳಿಚಿ ಬೊಬ್ಬೆ ಎದ್ದಿದ್ದವು.

“ಎಲ್ರೂ ಖಾಲಿ ಗುಳಿ ನೋಡಿದ್ರಿ, ಮುಚ್ಚಳ ಯಾರೂ ನೋಡ್ಲಿಲ್ಲ,” ಎಂದರು ದುರ್ಬೀನು. “ಅದರ ಮಂಜಿನ ಮೇಲೆ ಮೂರು ಬರಿಬೆರಳಿನ ಗುರುತಿದೆ. ಮೈನಸ್ ಎಂಬತ್ತು ಡಿಗ್ರಿ ಚಳಿಗೆ ಇಲ್ಲಿ ಕೆಲಸ ಮಾಡೋರು ಕೈಗವಸಿಲ್ಲದೆ ಕೈ ಹಾಕ್ತಾರಾ? ನಂಬರು ಒಪ್ಪಿಗೆ ಪತ್ರದಲ್ಲೇ ಇತ್ತು. ತೆಗೆದೋರು ನೀವೇ!”

“ಯಾಕ್ ಸರ್?” ತಂತ್ರಜ್ಞೆ ಕೂಗಿದಳು. “ನಿಮ್ಮ ಮಗಳ ಕಣ್ಣಲ್ವಾ?”

“ನೀವು ಬಾಗಿಲ ಹೊರಗೆ ಫೋನಲ್ಲಿ ಹೇಳ್ತಿದ್ರಿ—‘ಇವತ್ತು ಹುಡುಗನ್ನ ಮುಗಿಸಿಬಿಡ್ತೀನಿ’ ಅಂತ.” ಅವನ ದನಿ ಒಡೆಯಿತು. “ಅವನಿಗೆ ಮಣ್ಣು ಕೊಟ್ಟು ಬಂದ ಅಪ್ಪ ನಾನು. ಆ ಮಾತು ಕೇಳಿ ತಲೆ ಕೆಟ್ಟುಹೋಯ್ತು.”

ಅವಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಮುಗಿಸುವುದೆಂದರೆ ಲ್ಯಾಬಿನವರಿಗೆ ಪರೀಕ್ಷೆ ಮುಗಿಸುವುದು. ದಿನಕ್ಕೆ ಹತ್ತು ಸಲ ಆಡುವ ಮಾತು.

“ಡಿಎನ್‌ಎ ಕರಗಿದ್ರೂ ಕೆಡಲ್ಲ,” ಎಂದಳು. “ ಈಗ ಕೊಟ್ರೆ ಸಾಕು.”

“ಒಂಚೂರು ಉಳಿಸ್ತೀರಾ?” ಅವನು ಕೇಳಿದ.

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. “ಪೂರ್ತಿ ಬೇಕು ಸರ್.”

“ಅಪ್ಪಾ, ಎಲ್ಲಿ ಹೋದೆ?” ಮಗಳು ಕೈಚಾಚಿ ಎದುರಿನ ಗಾಳಿಯನ್ನು ತಡವಿದಳು. ಅವನು ಅವಳ ಎಡಮಗ್ಗುಲಲ್ಲೇ, ಗೇಣು ದೂರದಲ್ಲಿದ್ದ.

ಅವನು ಅಂಗಿಯ ಜೇಬಿನಿಂದ ಟ್ಯೂಬು ತೆಗೆದು ತಂತ್ರಜ್ಞೆಯ ಅಂಗೈಯಲ್ಲಿ ಇಟ್ಟ.

“ತಗೊಳ್ಳಿ,” ಎಂದ. “ಇವಳು ನನ್ನ ಮುಖನಾದ್ರೂ ನೋಡ್ತಿರ್ಲಿ.”